ಅಜ್ಜಿಯ ಶನಿವಾರದ ಸ್ನಾನ

“ಚೆನ್ನಾಗೇ ನಡೀತಿದೆಯಲ್ಲಮ್ಮ, ಮತ್ಯಾಕೆ ಬದಲಾಯಿಸ್ಬೇಕು?”

ನಮ್ಮ ಕಾರ್ಖಾನೆಯ ಯಜಮಾನರ ಬಾಯಿಂದ ಈ ಮಾತು ಬಂದಾಗಲೆಲ್ಲ ನನಗೆ ಪಿತ್ತ ನೆತ್ತಿಗೇರುತ್ತದೆ. ಚೆನ್ನಾಗಿ ನಡೆಯುತ್ತಿದೆ, ಸುಳ್ಳಲ್ಲ. ಅದನ್ನು ನಡೆಸುತ್ತಿರುವವಳು ಯಾರು ಅಂತ ಮಾತ್ರ ಆ ಪುಣ್ಯಾತ್ಮ ಒಮ್ಮೆಯೂ ಕೇಳಿದ್ದಿಲ್ಲ.

ನಮ್ಮದು ಆಸ್ಪತ್ರೆಗಳ ಬಟ್ಟೆ ಒಗೆಯುವ ಕಾರ್ಖಾನೆ. ಊರಿನ ಚಿಕ್ಕ ದೊಡ್ಡ ಆಸ್ಪತ್ರೆಗಳಿಂದೆಲ್ಲ ಹಾಸು, ಹೊದಿಕೆ, ದಿಂಬಿನ ಚೀಲ, ಆಪರೇಷನ್ನಿನ ಹಸಿರು ಗೌನು ಮೂಟೆ ಮೂಟೆಯಾಗಿ ಬಂದು ಬೀಳುತ್ತವೆ. ಯಾವ ಮೂಟೆ ಯಾವ ಯಂತ್ರಕ್ಕೆ, ನೀರು ಎಷ್ಟು ಬಿಸಿಯಿರಬೇಕು, ಯಾವುದರ ಜೊತೆ ಯಾವುದನ್ನು ಬೆರೆಸಬಾರದು, ಇಸ್ತ್ರಿಯಾದ ಮೇಲೆ ಯಾವ ಗಾಡಿಯಲ್ಲಿ ಯಾವ ವಾರ್ಡಿಗೆ ಹೋಗಬೇಕು, ಇದನ್ನೆಲ್ಲ ಹೇಳುವುದು ಒಂದು ಸಾಫ್ಟ್‌ವೇರ್. ನಾನಿನ್ನೂ ಫ್ರಾಕು ಹಾಕಿಕೊಂಡು ಓಡಾಡುತ್ತಿದ್ದ ಕಾಲದಲ್ಲಿ ಯಾರೋ ಹಿರಿಯರು ಆಗಿನ ಭಾಷೆಯಲ್ಲಿ ಬರೆದಿಟ್ಟದ್ದು. ಈಗ ಆ ಭಾಷೆಯನ್ನು ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ. ಕಪ್ಪು ಪರದೆ, ಹಸಿರು ಅಕ್ಷರ. ಮೌಸ್ ಅಲ್ಲಾಡಿಸಿದರೆ ಗುರುತೇ ಹಿಡಿಯುವುದಿಲ್ಲ. ಒಗೆಯುವ ವಿಭಾಗದವರು ಅದಕ್ಕೆ ‘ಅಜ್ಜಿ’ ಅಂತ ಹೆಸರಿಟ್ಟಿದ್ದಾರೆ. ಹಬೆಯ ಮಧ್ಯದಿಂದ ಮೇಸ್ತ್ರಿ ಕೂಗುತ್ತಾರೆ, “ಈ ಮೂಟೆಗೆ ಅಜ್ಜಿ ಏನಂದ್ಲು?” ಯಾರೋ ಪರದೆ ನೋಡಿ ಉತ್ತರ ಕೊಡುತ್ತಾರೆ. ಅಜ್ಜಿ ಅಂದದ್ದೇ ಕೊನೆಯ ಮಾತು.

ಅಜ್ಜಿಗೊಂದು ಕಾಯಿಲೆ ಇತ್ತು. ವಾರವಿಡೀ ಕೆಲಸ ಮಾಡಿದರೆ ಕಂಪ್ಯೂಟರಿನ ಮೆಮೊರಿ ತುಂಬಿಕೊಂಡು, ಮುಂದಿನ ವಾರ ಯಾವುದೋ ಒಂದು ದಿನ ತಟ್ಟನೆ ನಿಂತುಬಿಡುತ್ತಿದ್ದಳು. ಒಂದು ಸಲ ಹಾಗೆ ನಿಂತು, ಅರ್ಧ ಒಗೆದ ಮೂಟೆಗಳು ಯಾರವು ಎಂದು ತಿಳಿಯದೆ ಇಡೀ ಕಾರ್ಖಾನೆ ತಲೆ ಮೇಲೆ ಕೈ ಹೊತ್ತು ಕೂತಿತ್ತಂತೆ. ಅಜ್ಜಿಯನ್ನು ಬರೆದ ಹಿರಿಯರು ಆಗಲೇ ನಿಯಮ ಮಾಡಿದರು. ಪ್ರತಿ ಶನಿವಾರ ಮಧ್ಯಾಹ್ನ, ಎರಡು ಪಾಳಿಗಳ ನಡುವೆ ಯಂತ್ರಗಳು ನಿಂತಿರುವಾಗ, ಅಜ್ಜಿಯನ್ನು ಮುಚ್ಚಿ ಮತ್ತೆ ತೆರೆಯಬೇಕು. ಮುಚ್ಚುವ ಮೊದಲು ಯಾವ ಯಂತ್ರದ ಹೊಟ್ಟೆಯಲ್ಲಿ ಏನಿದೆ ಎಂದು ನೋಡಿಕೊಂಡು, ತೆರೆದ ಮೇಲೆ ಎಲ್ಲವನ್ನೂ ಕೈಯಾರೆ ಮತ್ತೆ ತುಂಬಬೇಕು. ಅದೂ ಅಜ್ಜಿಯ ಭಾಷೆಯಲ್ಲೇ. ಒಂದು ಅಕ್ಷರ ತಪ್ಪಿದರೆ ಸಾಂಕ್ರಾಮಿಕ ವಾರ್ಡಿನ ಹಾಸು ಎಳೆಗೂಸಿನ ತೊಟ್ಟಿಲಿಗೆ ಹೋಗುತ್ತದೆ. ಶುರುಮಾಡಿದರೆ ಮುಗಿಯಲು ಸಂಜೆಯಾಗುತ್ತದೆ. ಮೇಸ್ತ್ರಿ ಇದಕ್ಕೆ ‘ಅಜ್ಜಿ ಸ್ನಾನ’ ಅನ್ನುತ್ತಾರೆ.

ಆ ಹಿರಿಯರು ನಿವೃತ್ತಿಯಾಗುವಾಗ ಸ್ನಾನ ಮಾಡಿಸುವ ಕೆಲಸವನ್ನು ನನ್ನ ಕೊರಳಿಗೆ ಕಟ್ಟಿ ಹೋದರು. ಭಾಷೆ ಬರುತ್ತಿದ್ದವಳು ನಾನೊಬ್ಬಳೇ. ನನ್ನ ಜೊತೆ ಕೂರುವವನೊಬ್ಬನಿದ್ದಾನೆ, ನಾವೆಲ್ಲ ರಾಕೆಟ್ ಅಂತ ಕರೆಯುತ್ತೇವೆ. ಅವನಿಗೆ ಎಲ್ಲವೂ ನಿನ್ನೆಯೇ ಆಗಬೇಕು, ಅದೂ ಹೊಸ ಭಾಷೆಯಲ್ಲೇ ಆಗಬೇಕು. ಅಜ್ಜಿಯ ಭಾಷೆ ಕಲಿಯಪ್ಪ ಎಂದರೆ, “ಸತ್ತ ಭಾಷೆ ಕಲಿತು ನಾನೇನ್ ಮಾಡ್ಲಿ ಅಕ್ಕ? ಬರೆಯೋದಾದ್ರೆ ಮೊದಲಿಂದ ಬರೆಯೋಣ” ಅನ್ನುತ್ತಿದ್ದ. ಸರಿ, ಬರೆಯೋಣ ಎಂದು ನಾನೂ ಟೊಂಕ ಕಟ್ಟಿದೆ. ಅವನಿಗೆ ಹೊಸತರ ಹುಚ್ಚು. ನನಗೆ ಬೇಕಾಗಿದ್ದು ಬೇರೆ.

ನನ್ನ ಗಂಡ ಮರಗೆಲಸ ಕಲಿಸುವ ಮೇಷ್ಟ್ರು. ಎರಡು ವರ್ಷದ ಹಿಂದೆ ಬೇರೆ ಊರಿನ ತರಬೇತಿ ಶಾಲೆಯಲ್ಲಿ ಅವರನ್ನು ಇಡೀ ವರ್ಕ್‌ಶಾಪಿಗೆ ಮುಖ್ಯಸ್ಥರನ್ನಾಗಿ ಮಾಡಿದರು. ಜೀವಮಾನವೆಲ್ಲ ಕಾದಿದ್ದ ಕೆಲಸ ಅದು. ಮಗಳೂ ಸೇರಿ ಮೂವರೂ ಹೋಗುವುದೆಂದೇ ಮಾತಾಗಿತ್ತು. ಆದರೆ ನನ್ನನ್ನು ಬಿಡಲು ಯಜಮಾನರು ಒಪ್ಪಲಿಲ್ಲ, ಸ್ನಾನ ಮಾಡಿಸುವವರಿಲ್ಲದೆ ಬಿಟ್ಟು ಹೋಗಲು ನನ್ನ ಮನಸ್ಸೂ ಒಪ್ಪಲಿಲ್ಲ. ಒಂದು ಹಾಸು ಹೆಚ್ಚು ಕಡಿಮೆಯಾಗಿ ಯಾವುದೋ ಮಗುವಿಗೆ ಸೋಂಕು ತಗುಲಿದರೆ? ಅಲ್ಲಿ ನನ್ನ ನಾದಿನಿಯ ಮನೆ ಪಕ್ಕದಲ್ಲೇ ಇತ್ತು, ಮಗಳನ್ನು ನೋಡಿಕೊಳ್ಳಲು ಜನ ಇದ್ದರು. ಸ್ವಲ್ಪ ದಿನ ಅಷ್ಟೇ ಎಂದು ಗಂಡ ಮಗಳನ್ನು ಕರೆದುಕೊಂಡು ಹೋದರು. ಆ ಸ್ವಲ್ಪ ದಿನ ಮುಗಿಯಲೇ ಇಲ್ಲ.

ವಾರದಲ್ಲಿ ನನಗೆ ಸಿಗುತ್ತಿದ್ದದ್ದು ಒಂದು ಭಾನುವಾರ. ಶನಿವಾರ ಅಜ್ಜಿಯ ಸ್ನಾನ ಮುಗಿಸಿ ಬಸ್ಸು ಹಿಡಿದು ಹೋಗುವಷ್ಟರಲ್ಲಿ ಪುಟ್ಟಿ ಮಲಗಿರುತ್ತಿದ್ದಳು. ಭಾನುವಾರ ಅವಳು ನನ್ನ ಹತ್ತಿರ ಬಂದು ಹೊಂದಿಕೊಳ್ಳುವ ಹೊತ್ತಿಗೆ ನನಗೆ ವಾಪಸು ಬಸ್ಸಿನ ಹೊತ್ತು.

ಕಳೆದ ತಿಂಗಳು ಗಂಡ ಖಂಡಿತವಾಗಿ ಹೇಳಿಬಿಟ್ಟರು. “ಪುಟ್ಟಿ ಸ್ಕೂಲಿಗೆ ಸೇರೋದ್ರೊಳಗೆ ನಿನ್ನ ಬಿಡ್ತಾರೋ ಇಲ್ವೋ ಕೇಳು. ಬಿಡಲ್ಲ ಅಂದ್ರೆ ನಾನೇ ರಾಜೀನಾಮೆ ಕೊಟ್ಟು ಬರ್ತೀನಿ. ಮಗು ಇನ್ನೂ ಒಂದು ವರ್ಷ ಹೀಗೆ ಬೆಳೀಬಾರ್ದು.”

ಸಿಟ್ಟಿನಿಂದ ಹೇಳಿದ್ದರೆ ಜಗಳವಾಡಬಹುದಿತ್ತು. ಅವರು ಮೆತ್ತಗೆ ಹೇಳಿದರು. ಆ ವರ್ಕ್‌ಶಾಪಿನ ಒಂದೊಂದು ಉಳಿಯನ್ನೂ ಅವರೇ ಆರಿಸಿ ತಂದದ್ದು ನನಗೆ ಗೊತ್ತು. ಅದನ್ನು ಬಿಟ್ಟು ಬಂದು ಇಲ್ಲಿ ಯಾರದೋ ಅಂಗಡಿಯಲ್ಲಿ ಕಿಟಕಿಗೆ ಚೌಕಟ್ಟು ಹೊಡೆಯುವುದನ್ನು ನನ್ನ ಕಣ್ಣಿಂದ ನೋಡಲಾಗುತ್ತಿರಲಿಲ್ಲ. ಅಜ್ಜಿಯನ್ನು ಹೊಸ ಭಾಷೆಗೆ ತಂದರೆ ಸ್ನಾನದ ಕಾಟ ತಪ್ಪುತ್ತದೆ, ರಾಕೆಟ್ ನೋಡಿಕೊಳ್ಳುತ್ತಾನೆ, ನಾನು ಹೊರಡಬಹುದು. ನನಗಿದ್ದದ್ದು ಇದೊಂದೇ ದಾರಿ.

ಹೀಗಾಗಿ ಸಭೆ ಸೇರಿಸಿದೆವು. ಯಜಮಾನರ ಕೋಣೆಯ ಗೋಡೆಯಾಚೆ ಇಸ್ತ್ರಿಯ ಉರುಳೆಗಳಿವೆ, ಅಲ್ಲಿ ಕೂತರೆ ಎಂಥ ಕಾಲದಲ್ಲೂ ಬೆನ್ನು ಬೆವರುತ್ತದೆ. ರಾಕೆಟ್ ಬಣ್ಣ ಬಣ್ಣದ ಚಿತ್ರ ಹಾಕಿ ಅರ್ಧ ಗಂಟೆ ಮಾತಾಡಿದ. ಹೊಸ ಭಾಷೆಯಲ್ಲಿ ಬರೆದರೆ ಫೋನಿನಲ್ಲೇ ನೋಡಬಹುದು, ಹಾಗೆ ಮಾಡಬಹುದು, ಹೀಗೆ ಮಾಡಬಹುದು. ಯಜಮಾನರು ಆಕಳಿಸಿದರು.

“ಎಷ್ಟು ದಿನ ಬೇಕು?”

“ಎರಡು ವರ್ಷ ಸಾರ್.”

ನಾನು ಅವನ ಕಾಲು ತುಳಿದೆ. “ಆರು ತಿಂಗಳು ಸಾಕು ಸಾರ್, ಮುಖ್ಯವಾದದ್ದನ್ನ ಮೊದಲು ಮಾಡಿದ್ರೆ” ಎಂದೆ.

“ಅಲ್ಲಮ್ಮ, ಅಜ್ಜಿ ಇಷ್ಟು ವರ್ಷದಲ್ಲಿ ಒಂದ್ ದಿನ ಆದ್ರೂ ಕೈ ಕೊಟ್ಟಿದ್ದಾಳಾ? ನನ್ನ ಯಂತ್ರಗಳು ಕೆಡ್ತವೆ, ಗಾಡಿಗಳು ಕೆಡ್ತವೆ, ಜನ ಕೆಡ್ತಾರೆ. ಅವಳೊಬ್ಬಳೇ ಸರಿಯಾಗಿರೋದು. ಅವಳನ್ನೇ ಬದಲಾಯಿಸಿ ಅಂತೀರಲ್ಲ!”

“ಕೈ ಕೊಟ್ಟಿಲ್ಲ, ಯಾಕಂದ್ರೆ ನಾನು ಪ್ರತಿ ಶನಿವಾರ ಸ್ನಾನ ಮಾಡಿಸ್ತಿದ್ದೀನಿ ಸಾರ್.”

“ಅದೇ ನಾನೂ ಹೇಳ್ತಿರೋದು. ಮಾಡಿಸ್ತಾ ಇರಿ.”

ಮೈ ಪರಚಿಕೊಳ್ಳುವ ಹಾಗಾಯಿತು. ನಾನು ಕೆಲಸ ಕೆಡಿಸಿದ್ದರೆ ನನ್ನ ಮಾತಿಗೆ ಬೆಲೆ ಬರುತ್ತಿತ್ತು. ಅಚ್ಚುಕಟ್ಟಾಗಿ ಮಾಡಿದ್ದಕ್ಕೆ ನಾನು ಗೋಡೆಯ ಮೇಲಿನ ಸ್ವಿಚ್ಚಿನ ಹಾಗೆ ಆಗಿದ್ದೆ. ಇದೆ ಅಂತ ಯಾರಿಗೂ ಕಾಣುವುದಿಲ್ಲ. ಮೇಸ್ತ್ರಿ ಬೇರೆ ಮಧ್ಯೆ ಬಾಯಿ ಹಾಕಿದರು, “ಮೇಡಂ ಕೈಗುಣ ಹಾಗಿದೆ ಸಾರ್, ಅಜ್ಜಿಗೂ ಅವ್ರೇ ಅಭ್ಯಾಸ.” ಹೊಗಳಿಕೆಯೇ, ಆದರೆ ಆ ಹೊತ್ತಿಗೆ ಅವರ ಬಾಯಿಗೆ ಒಂದು ದಿಂಬಿನ ಚೀಲ ತುರುಕಬೇಕು ಅನ್ನಿಸಿತು.

“ಸರಿ ಹಾಗಾದ್ರೆ” ಎಂದೆ. “ಈ ಶನಿವಾರ ನಾನು ಬರಲ್ಲ. ರಜೆ. ಸ್ನಾನ ಇಲ್ಲ. ಮುಂದಿನ ವಾರದೊಳಗೆ ಅಜ್ಜಿ ನಿಂತೇ ನಿಲ್ತಾಳೆ. ಆಗ ನಿಮಗೇ ಗೊತ್ತಾಗುತ್ತೆ, ಬದಲಾಯಿಸ್ಬೇಕೋ ಬೇಡ್ವೋ ಅಂತ.”

ಯಜಮಾನರು ಹಿಂದೆಮುಂದೆ ನೋಡಲಿಲ್ಲ. “ಆಗ್ಲಿ. ನಿಂತ್ರೆ ಬದಲಾಯಿಸೋಣ. ನಿಲ್ಲದಿದ್ರೆ ಈ ಮಾತು ಇಲ್ಲಿಗೇ ಬಿಡಬೇಕು.”

ರೋಗಿಗಳ ಮೇಲೆ ಸಿಟ್ಟು ತೀರಿಸಿಕೊಳ್ಳುವಷ್ಟು ಕೆಟ್ಟವಳಲ್ಲ ನಾನು. ಎಲ್ಲ ಆಸ್ಪತ್ರೆಗಳಿಗೂ ಮುಂಚೆಯೇ ಹೆಚ್ಚುವರಿ ಹಾಸು, ಗೌನು ಕಳಿಸಿದೆ. ಅಜ್ಜಿ ನಿಂತರೆ ಮೂಟೆಗಳಿಗೆ ಕೈಯಲ್ಲೇ ಚೀಟಿ ಬರೆದು ಕಟ್ಟುವುದು ಹೇಗೆಂದು ಮೇಸ್ತ್ರಿಗೆ ತೋರಿಸಿದೆ. ಶುಕ್ರವಾರ ಸಂಜೆ ಬಸ್ಸು ಹತ್ತಿದೆ.

ಶನಿವಾರ ಬೆಳಿಗ್ಗೆ ಪುಟ್ಟಿ ಎದ್ದು ನನ್ನನ್ನು ನೋಡಿ ಕಣ್ಣು ಕಣ್ಣು ಬಿಟ್ಟಳು. “ಇವತ್ತು ಭಾನುವಾರಾನಾ?” ಎಂದು ಅಪ್ಪನನ್ನು ಕೇಳಿದಳು. ಎಷ್ಟೋ ಕಾಲದ ಮೇಲೆ ಸಿಕ್ಕ ಶನಿವಾರ ಅದು. ಆ ಶನಿವಾರವನ್ನು ನಾನು ಏನು ಮಾಡಿದೆ? ಫೋನನ್ನು ನೋಡುತ್ತ ಕೂತೆ. ನಾದಿನಿ ಅಡುಗೆ ಮಾಡಿ ಕರೆದಳು, ಊಟದ ತಟ್ಟೆಯ ಪಕ್ಕ ಫೋನು. ಪುಟ್ಟಿ ಚಿತ್ರ ಬರೆದು ತಂದಳು, “ಚೆನ್ನಾಗಿದೆ” ಎಂದೆ, ಏನು ಚಿತ್ರ ಅಂತ ಈಗ ನೆನಪಿಲ್ಲ. ಅಜ್ಜಿ ನಿಲ್ಲಲಿ, ಬೇಗ ನಿಲ್ಲಲಿ, ಫೋನು ಬರಲಿ ಎಂದು ಹಾರೈಸುತ್ತಿದ್ದೆ. ಮರುಕ್ಷಣವೇ ಅಯ್ಯೋ ನಿಲ್ಲದಿರಲಪ್ಪ ಅನ್ನಿಸುತ್ತಿತ್ತು. ಫೋನು ಬರಲಿಲ್ಲ.

ಸೋಮವಾರ ಅಜ್ಜಿ ಓಡುತ್ತಿದ್ದಳು. ಮಂಗಳವಾರವೂ ಓಡಿದಳು. ಗುರುವಾರ ನಾನು ಉಗುರು ಕಚ್ಚುತ್ತ ಪರದೆಯ ಮುಂದೆಯೇ ಕೂತಿದ್ದೆ. ಹಸಿರು ಅಕ್ಷರಗಳು ಒಂದಾದ ಮೇಲೊಂದು ಬರುತ್ತಲೇ ಇದ್ದವು, ಒಂದು ಚೂರು ಏದುಸಿರೂ ಇಲ್ಲದೆ. ಮುಂದಿನ ಶನಿವಾರವೂ ಸ್ನಾನ ಬೇಡ, ಇದೊಂದು ನೋಡೇಬಿಡೋಣ ಎಂದ ರಾಕೆಟ್. ಆ ಶನಿವಾರ ಮಧ್ಯಾಹ್ನ ನಾನು ಮಾಡಲು ಕೆಲಸವಿಲ್ಲದೆ, ಖಾಲಿ ಗಾಡಿಗಳ ಮಧ್ಯೆ ಬೆಪ್ಪಾಗಿ ನಿಂತಿದ್ದೆ. ಮೇಸ್ತ್ರಿ ಬಂದು, “ಏನ್ ಮೇಡಂ, ಅಜ್ಜಿಗೆ ಇವತ್ತೂ ಸ್ನಾನ ಇಲ್ವಾ? ನಾತ ಹೊಡಿಯಲ್ವಾ?” ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಕಾರಣ ಹುಡುಕಿದವನು ರಾಕೆಟ್. ಅದರ ಮುಂದಿನ ವಾರ ಬೆಳಿಗ್ಗೆ ನನ್ನ ಮೇಜಿನ ಹತ್ತಿರ ಬಂದು ನಿಂತ. ಯಾವತ್ತೂ ಇಲ್ಲದ ಹಾಗೆ ನಿಧಾನವಾಗಿ ಮಾತಾಡಿದ.

“ಅಕ್ಕ, ಮೆಮೊರಿ ತುಂಬ್ತಾನೇ ಇಲ್ಲ. ಎರಡು ವಾರದಿಂದ ಅಳೀತಿದ್ದೀನಿ. ಒಂದೇ ಮಟ್ಟದಲ್ಲಿದೆ.”

“ಸಾಧ್ಯಾನೇ ಇಲ್ಲ.”

“ತಪ್ಪು ಅಜ್ಜೀದಲ್ಲ. ಮೂಟೆಗೆ ಕಟ್ಟೋ ಚೀಟಿ ಪ್ರಿಂಟ್ ಮಾಡೋಕೆ ಹಳೇ ಕಂಪ್ಯೂಟರಲ್ಲಿ ಒಂದು ಸಣ್ಣ ಪ್ರೋಗ್ರಾಂ ಇತ್ತಲ್ಲ, ಅದು ಒಂದೊಂದು ಚೀಟಿಗೂ ಒಂಚೂರು ಮೆಮೊರಿ ಹಿಡ್ಕೊಂಡು ಬಿಡ್ತಾನೇ ಇರಲಿಲ್ಲ. ಕಂಪ್ಯೂಟರ್ ಬದಲಾಯಿಸಿದಾಗ ಅದರ ಜಾಗಕ್ಕೆ ಬೇರೆ ಬಂತು. ಅವತ್ತಿಗೇ ಕಾಯಿಲೆ ವಾಸಿಯಾಗಿದೆ.”

ಕಾಯಿಲೆ ಇದೆಯೋ ಇಲ್ಲವೋ ತಿಳಿಯಬೇಕಾದರೆ ಒಂದು ವಾರ ಸ್ನಾನ ಬಿಟ್ಟು ನೋಡಬೇಕಿತ್ತು. ಬಿಟ್ಟರೆ ಎಲ್ಲಿ ನಿಂತುಬಿಡುತ್ತಾಳೋ ಎಂಬ ಹೆದರಿಕೆಗೆ ನಾನು ಒಂದು ವಾರವೂ ಬಿಟ್ಟವಳಲ್ಲ. ಒಗೆದ ಬಟ್ಟೆಯನ್ನೇ ವಾರ ವಾರ ತಂದು ಒಗೆದ ಹಾಗಾಯಿತು ನನ್ನ ಕೆಲಸ. ಜ್ವರದಲ್ಲಿ ಬಂದು ಒಗೆದಿದ್ದೆ. ಪುಟ್ಟಿಗೆ ಅಮ್ಮ ಎದ್ದಿದೆ, ಮೈತುಂಬ ಗುಳ್ಳೆ ಎಂದು ನಾದಿನಿ ಫೋನು ಮಾಡಿದ ಶನಿವಾರವೂ ಒಗೆದು ಮುಗಿಸಿಯೇ ಬಸ್ಸು ಹತ್ತಿದ್ದೆ.

“ಇನ್ನೊಂದು ಮಾತು” ಎಂದ ರಾಕೆಟ್. “ಇದನ್ನ ಹುಡುಕೋಕೆ ಅಂತ ಅಜ್ಜೀನ ಪೂರ್ತಿ ಓದಿದೆ. ಆ ಭಾಷೆ ಅಷ್ಟೇನೂ ಕಷ್ಟ ಇಲ್ಲ ಅಕ್ಕ. ಮುದುಕರು ಏನ್ ಚೆನ್ನಾಗಿ ಬರ್ದಿದ್ದಾರೆ!”

ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಇಷ್ಟು ದಿನ ಕಲಿಯಪ್ಪ ಕಲಿಯಪ್ಪ ಎಂದು ಗೋಗರೆದರೆ ಕಿವಿಗೆ ಹಾಕಿಕೊಳ್ಳದವನು ಎರಡೇ ವಾರದಲ್ಲಿ ಕಲಿತು ಮುಗಿಸಿದ್ದ.

ಯಜಮಾನರಿಗೆ ವಿಷಯ ತಿಳಿಯಿತು. ಮಾತು ಇಲ್ಲಿಗೇ ಬಿಡಬೇಕು ಎಂದಿದ್ದರಲ್ಲ, ಬಿಡುತ್ತಾರೆ ಎಂದುಕೊಂಡು ನಾನು ಅವರ ಕೋಣೆಗೆ ಹೋದೆ. ಅವರ ಮುಖದಲ್ಲಿ ನಾನು ಹಿಂದೆಂದೂ ಕಾಣದ ಹುರುಪಿತ್ತು.

“ನಾನು ಯೋಚನೆ ಮಾಡಿದೆ ಕಣಮ್ಮ. ಅಜ್ಜಿ ಇಷ್ಟು ಗಟ್ಟಿಯಾಗಿದ್ದಾಳೆ ಅಂದ್ಮೇಲೆ ಭಯ ಇಲ್ಲ. ಅವಳ ಪಾಡಿಗೆ ಅವಳು ಓಡ್ತಿರ್ತಾಳೆ, ನೀವು ಪಕ್ಕದಲ್ಲಿ ಹೊಸದು ಬರೀರಿ. ನಿಮ್ಮ ಶನಿವಾರಾನೂ ಬಿಡುವಾಯ್ತಲ್ಲ. ಇವನು ಹೇಳ್ದ ಹಾಗೆ ಎರಡು ವರ್ಷ ಆಗ್ಲಿ, ಪರವಾಗಿಲ್ಲ. ಅಜ್ಜಿ ಒಳಗೂ ಹೊರಗೂ ಗೊತ್ತಿರೋರು ನೀವೊಬ್ಬರೇ, ನೀವೇ ಮುಂದೆ ನಿಂತು ಮಾಡಿಸ್ಬೇಕು.”

ಬೇಕು ಎಂದು ಕಾಲಿಗೆ ಬಿದ್ದಾಗ ಬೇಡವಾಗಿತ್ತು. ಈಗ ಬೇಡವಾದಾಗ ಬೇಕಂತೆ, ಅದೂ ಇನ್ನೆರಡು ವರ್ಷ, ಅದೂ ನಾನೇ. ಹಿಂದೆ ರಾಕೆಟ್ ಹಲ್ಲು ಕಿರಿಯುತ್ತ ನಿಂತಿದ್ದ.

“ಚೆನ್ನಾಗೇ ನಡೀತಿದೆಯಲ್ಲ ಸಾರ್, ಮತ್ಯಾಕೆ ಬದಲಾಯಿಸ್ಬೇಕು?” ಎಂದೆ.

ಯಜಮಾನರು ತಬ್ಬಿಬ್ಬಾದರು. “ನೀವೇ ತಾನೇ ಕೇಳ್ತಿದ್ದಿದ್ದು?”

“ಕೇಳಿದ್ದೆ. ಸ್ನಾನದಿಂದ ತಪ್ಪಿಸ್ಕೊಳ್ಳೋಕೆ ಕೇಳಿದ್ದೆ. ಈಗ ಸ್ನಾನ ಇಲ್ಲ. ಭಾಷೆ ಬರೋರು ಯಾರೂ ಇಲ್ಲ ಅನ್ನೋದಿತ್ತು, ಈಗ ಇವನಿಗೆ ಬರುತ್ತೆ. ಫೋನಲ್ಲಿ ನೋಡ್ಬೇಕು ಅನ್ನೋ ಒಂದು ಆಸೆಗೆ ಎರಡು ವರ್ಷ ದುಡಿದು, ಇಲ್ಲದ ಹೊಸ ತಪ್ಪುಗಳನ್ನ ಒಳಗೆ ತರ್ಬೇಡಿ ಸಾರ್. ಹಾಸು ಅದಲು ಬದಲಾದ್ರೆ ಫೋನಲ್ಲಿ ನೋಡಿ ಏನ್ ಮಾಡ್ತೀರಿ?”

ಹೇಳುತ್ತ ಹೇಳುತ್ತ ನನಗೇ ಸೋಜಿಗವಾಯಿತು. ಮೂರು ವಾರದ ಹಿಂದೆ ಇದೇ ಕುರ್ಚಿಯಲ್ಲಿ ಕೂತು ಇದರ ಉಲ್ಟಾ ವಾದಿಸಿದ್ದೆ. ಆಗ ಹೇಳಿದ್ದು ನನ್ನ ಆಸೆ. ಈಗ ಹೇಳಿದ್ದೂ ನನ್ನ ಆಸೆಯೇ. ಆದರೆ ಈ ಸಲ ಅದು ಅಜ್ಜಿಯ ಮಟ್ಟಿಗೂ ನಿಜವಾಗಿತ್ತು. ರಾಕೆಟ್‌ನ ಹಲ್ಲು ಒಳಗೆ ಹೋಯಿತು. ಅವನು ತಲೆ ಕೆರೆದುಕೊಂಡು, “ಓದಿದ ಮೇಲೆ ನನಗೂ ಹಾಗೇ ಅನ್ನಿಸ್ತು ಸಾರ್. ಚೀಟಿ ಭಾಗ, ಪರದೆ ಭಾಗ ಬೇಕಾದ್ರೆ ಹೊಸದು ಮಾಡ್ತೀನಿ. ಒಳಗಿಂದು ಮುಟ್ಟೋದ್ ಬೇಡ” ಎಂದ. ಇದನ್ನಾದರೂ ಒಪ್ಪಿದನಲ್ಲ, ಸದ್ಯ.

ನಾನು ಒಂದೇ ಉಸಿರಿಗೆ ಹೇಳಿ ಮುಗಿಸಿದೆ, “ಹಾಗಾದ್ರೆ ತಿಂಗಳ ಕೊನೆಗೆ ನನ್ನ ಬಿಟ್ಟುಬಿಡಿ.”

ಯಜಮಾನರು ಕಿಟಕಿಯಾಚೆ ಅಜ್ಜಿಯ ಪರದೆಯತ್ತ ನೋಡಿದರು. ಎರಡು ವರ್ಷದ ಹಿಂದೆ ನನ್ನನ್ನು ಬಿಡುವುದಿಲ್ಲ ಎಂದು ಹಟ ಹಿಡಿದ ಮನುಷ್ಯ. ಈಗ ಅವರ ಬಾಯಿಂದ ಬಂದದ್ದು ಇಷ್ಟೇ, “ಸರಿ ಬಿಡಿ. ಇನ್ನು ಹಿಡಿದಿಟ್ಟುಕೊಳ್ಳೋಕೆ ಏನಿದೆ?”

ಬೇಕಾದದ್ದು ಸಿಕ್ಕಿತ್ತು. ಕುಣಿದಾಡಬೇಕಾಗಿತ್ತು. ಕೋಣೆಯಿಂದ ಆಚೆ ಬಂದು, ಒಗೆದಿಟ್ಟ ಹಾಸಿನ ರಾಶಿಯ ಹಿಂದೆ ನಿಂತು ಅತ್ತೆ. ಸಂತೋಷಕ್ಕಲ್ಲ.

ಭಾನುವಾರ ಗಂಡ ಹಿತ್ತಲ ಜಗಲಿಯ ಮೇಲೆ ಒಂದು ಪುಟ್ಟ ಸ್ಟೂಲಿಗೆ ಮರಳು ಕಾಗದ ಉಜ್ಜುತ್ತಿದ್ದರು. ಪುಟ್ಟಿ ಒಳಗೆಲ್ಲೋ ಆಡುತ್ತಿದ್ದಳು. ನಾನು ಪಕ್ಕದಲ್ಲಿ ಕೂತು, “ಬಿಟ್ರು ಕಣ್ರೀ. ತಿಂಗಳ ಕೊನೆಗೆ ಬಂದ್ಬಿಡ್ತೀನಿ” ಎಂದೆ.

ಅವರು ಕಾಗದ ಕೆಳಗಿಟ್ಟು, ಮರದ ಪುಡಿ ಮೆತ್ತಿದ ಕೈಯಲ್ಲೇ ನನ್ನ ಕೈ ಹಿಡಿದುಕೊಂಡರು. “ಅಂತೂ ಬದಲಾಯಿಸೋಕೆ ಒಪ್ಪಿದ್ರಾ ನಿಮ್ಮ ಯಜಮಾನ್ರು?”

“ಇಲ್ಲ. ಬದಲಾಯಿಸಲ್ಲ.”

ಎಲ್ಲವನ್ನೂ ಹೇಳಿದೆ. ಅರ್ಧದವರೆಗೆ ಅವರು ನಗುತ್ತಿದ್ದರು. “ಹಾಗಾದ್ರೆ ಅಜ್ಜಿಗೆ ಸ್ನಾನಾನೇ ಬೇಕಿರ್ಲಿಲ್ವಾ? ಸುಮ್ನೆ ನೆನೆಸಿ ನೆನೆಸಿ ಚಳಿ ಹಿಡಿಸಿದ್ಯಾ?” ಎಂದು ಕಾಲೆಳೆದರು. ಆಮೇಲೆ ನಗು ನಿಲ್ಲಿಸಿ ಕೇಳಿದರು, “ಯಾವಾಗಿನಿಂದ ಬೇಕಿರ್ಲಿಲ್ಲ?”

ಇತ್ತೀಚೆಗೆ ಎಂದುಬಿಡಬಹುದಿತ್ತು. ಬಾಯಿ ಬರಲಿಲ್ಲ.

“ಕಂಪ್ಯೂಟರ್ ಬದಲಾದಾಗಿನಿಂದ.”

“ಅದ್ಯಾವಾಗ?”

“ನಿಮ್ಮ ಸಾಮಾನೆಲ್ಲ ಲಾರಿಗೆ ಹಾಕಿದ್ವಲ್ಲ, ಅದರ ಹಿಂದಿನ ತಿಂಗಳು.”

ಅವರು ನನ್ನ ಕೈ ಬಿಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎರಡು ವರ್ಷದಲ್ಲಿ ಈ ಮನೆಯಲ್ಲಿ ಅವರೊಬ್ಬರೇ ಏನೇನು ಕಂಡರೋ, ನನಗೆ ಹೇಳಿದ್ದೆಷ್ಟು ಹೇಳದೆ ಬಿಟ್ಟದ್ದೆಷ್ಟು, ಎಲ್ಲವೂ ಅವರ ಮುಖದಲ್ಲಿ ಬಂದು ಹೋಯಿತು. ನನ್ನ ಮೇಲೆ ನನಗೆ ಎಂಥ ಸಿಟ್ಟು ಬಂತೆಂದರೆ ಆ ಸ್ಟೂಲನ್ನು ಎತ್ತಿ ಗೋಡೆಗೆ ಬಡಿಯಬೇಕು ಅನ್ನಿಸಿತು.

ಅಷ್ಟರಲ್ಲಿ ಪುಟ್ಟಿ ಬಾಚಣಿಗೆ ಹಿಡಿದುಕೊಂಡು ಬಂದಳು. ನನ್ನನ್ನು ದಾಟಿ ಹೋಗಿ ಅಪ್ಪನ ಮುಂದೆ ಬೆನ್ನು ಮಾಡಿ ಕೂತಳು.

“ಅಮ್ಮನ ಹತ್ರ ಹಾಕಿಸ್ಕೊ ಪುಟ್ಟಿ” ಎಂದರು ಅವರು.

“ಅಮ್ಮಂಗೆ ನನ್ನ ಜಡೆ ಹಾಕೋಕೆ ಬರಲ್ಲ.”

ಅವಳು ಸಿಟ್ಟಿನಿಂದ ಹೇಳಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವಳು ಇಲ್ಲಿಗೆ ಬರುವಾಗ ಜಡೆ ಹಾಕುವಷ್ಟು ಕೂದಲೇ ಇರಲಿಲ್ಲ. ಗಂಡ ಅವಳನ್ನು ಎತ್ತಿ ನನ್ನ ಮುಂದೆ ಕೂರಿಸಿ ಬಾಚಣಿಗೆಯನ್ನು ನನ್ನ ಕೈಗೆ ಕೊಟ್ಟರು. ನಾನು ಕೂದಲನ್ನು ಮೂರು ಪಾಲು ಮಾಡಿದೆ, ಹೆಣೆಯತೊಡಗಿದೆ. “ಹಾಗಲ್ಲ, ಬಿಗಿಯಾಯ್ತು” ಎಂದಳು. ಸಡಿಲ ಮಾಡಿದರೆ, “ಹಾಗೂ ಅಲ್ಲ, ಅಪ್ಪ ಕಿವಿ ಹಿಂದಿನಿಂದ ತಗೋತಾರೆ” ಎಂದಳು.

“ತೋರ್ಸು” ಎಂದೆ. ಪುಟ್ಟಿ ತನ್ನ ಪುಟ್ಟ ಕೈಯನ್ನು ಹಿಂದೆ ತಂದು, ಎಲ್ಲಿಂದ ಹಿಡಿಯಬೇಕೆಂದು ತೋರಿಸಿದಳು.